ಎರೆಮಣ್ಣಿಗೊಂದು ಊರುಗೋಲು

ಶಹಾಬಜಾರದ ಆ ಬಡಗಿ ನನ್ನ ಮುಖ ನೋಡಿದ್ದು ಕಡಿಮೆ. ಹೋದಾಗಲೆಲ್ಲ ನನ್ನ ಊರುಗೋಲಿನ ತುದಿಯನ್ನು ಹೆಬ್ಬೆರಳಿನಿಂದ ಸವರಿ, “ಮೊದಲ ನೆಲಾ ಹೇಳ್ರಿ. ಎಲ್ಲಿ ನಡೀತೀರಿ?” ಎನ್ನುತ್ತಿದ್ದರು. ಕಾಲಿಗೆ ಏನಾಯಿತೆಂದು ಒಮ್ಮೆಯೂ ಕೇಳಲಿಲ್ಲ.

ಆಗ ನಾನು ಕಮಲಾಪುರದಲ್ಲಿ ಶಿಕ್ಷಕಿ. ಮಳೆ ಬಿದ್ದರೆ ಶಾಲೆಯ ದಾರಿಯ ಎರೆಮಣ್ಣಿನಲ್ಲಿ ಊರುಗೋಲು ಗೇಣುದ್ದ ಹೂತುಹೋಗುತ್ತಿತ್ತು. ಸೋತು, ವರ್ಗಾವಣೆಯ ಅರ್ಜಿ ಬರೆದು ಚೀಲದಲ್ಲಿ ಇಟ್ಟುಕೊಂಡಿದ್ದೆ.

ತೊಂಬತ್ತರ ದಶಕದ ಒಂದು ಮಧ್ಯಾಹ್ನ, ಅವರ ಅಂಗಡಿ ಎದುರಿನ ಚಹಾ ಹೋಟೆಲಿನ ಟಿವಿಯಲ್ಲಿ ಅಂಗವಿಕಲರ ಅಂತರರಾಷ್ಟ್ರೀಯ ಚಳಿಗಾಲದ ಕ್ರೀಡಾಕೂಟ ಬರುತ್ತಿತ್ತು. ಒಂಟಿ ಕಾಲಿನವನೊಬ್ಬ ಹಿಮದ ಇಳಿಜಾರಿನಲ್ಲಿ ಜಾರಿ ಬರುತ್ತಿದ್ದ. ಹೋಟೆಲಿನವರೆಲ್ಲ ಅವನ ಕಾಲು ನೋಡಿ ಲೊಚಗುಟ್ಟಿದರು. ಬಡಗಿ ಮಾತ್ರ ಟಿವಿಯ ಹತ್ತಿರ ಹೋಗಿ, “ಅವನ ಕೋಲಿನ ತುದಿಗಿ ಹಲಗಿ ಅದ, ನೋಡ್ರಿ ಅಕ್ಕೋರ! ಅದಕ್ಕೇ ಬರ್ಫದಾಗ ಹೂತುಹೋಗಂಗಿಲ್ಲ” ಎಂದರು.

ಮರುವಾರ ನನ್ನ ಊರುಗೋಲಿಗೆ ಮೂತಿ ಎತ್ತಿದ ಪುಟ್ಟ ಹಲಗೆ ಜೋಡಿಸಿಕೊಟ್ಟರು. ಮೊದಲ ದಿನವೇ ಅದಕ್ಕೆ ಮಣ್ಣು ಮೆತ್ತಿಕೊಂಡು ಎತ್ತಲಾಗದಷ್ಟು ಭಾರವಾಯಿತು. ಸಿಟ್ಟಿನಿಂದಲೇ ಮರಳಿ ಒಯ್ದೆ.

“ಬರ್ಫದಾಗಿಂದು ನಮ್ಮ ಕೆಸರಾಗ ನಡೀತದೇನ್ರಿ?” ಎಂದೆ.

ಅವರು ಹಲಗೆಯ ಮಣ್ಣನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಅಡಿಗೆ ಹಳೆಯ ಡಬ್ಬಿಯ ತಗಡು ಬಡಿದು, ಕುಸುಬಿ ಎಣ್ಣೆ ಸವರಿದರು.

“ಅವರ ನೆಲ ಬೆಳ್ಳಗದ, ನಮ್ದು ಕರ್ರಗದ. ಅಷ್ಟೇ ಫರಕ್ ರೀ.”

ಮರುದಿನ ಮಳೆಯಲ್ಲೇ ಹೋದೆ. ಶಾಲೆಯ ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡಿದರೆ ದಾರಿಯಲ್ಲಿ ಗುಳಿಗಳಿರಲಿಲ್ಲ. ಟಿವಿಯ ಹಿಮದಲ್ಲಿ ಕಂಡಂಥ ನುಣುಪು ಗೆರೆಗಳಿದ್ದವು. ಹಲಗೆಗೆ ಒಂದಿಷ್ಟು ಕೆಸರು ಹತ್ತಿತ್ತು. ಚೀಲದಿಂದ ವರ್ಗಾವಣೆಯ ಅರ್ಜಿ ತೆಗೆದು ಅದರಿಂದಲೇ ಕೆಸರು ಒರೆಸಿದೆ.