ಸರೋಜ ಬಿಟ್ಟ ಕಾಫಿ

ನನ್ನ ಕುಡಿತ ಬಿಡಿಸಬೇಕೆಂದು ನನ್ನ ಹೆಂಡತಿ ಸರೋಜ ದೇವರಿಗೆ ಹೇಳಿಕೊಂಡು ಕಾಫಿ ಬಿಟ್ಟಿದ್ದಳು. ನಾನು ಕುಡಿಯುತ್ತಲೇ ಇರಲಿಲ್ಲ. ಅವಳು ಕಾಫಿ ಬಿಟ್ಟದ್ದು ಯಾಕೆಂದು ತಿಳಿದ ಮೇಲೂ ಏಳು ತಿಂಗಳು ನಾನು ಬಾಯಿ ಬಿಡಲಿಲ್ಲ — ಇದು ನನ್ನ ತಪ್ಪು. ಇದರಲ್ಲಿ ಅರ್ಧ ಅವಳಿಗೆ ಗೊತ್ತು. ಉಳಿದರ್ಧ ಬರೆಯಲು ಕೂತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿ ಓದಿದವನು. ಅರಸೀಕೆರೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡಾಗಿ ಮೂವತ್ತೈದು ವರ್ಷ ದುಡಿದೆ. ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ, ಕೆಂಪು ಬಾವುಟ ಒಂದು ಕಡೆ, ಹಸಿರು ಬಾವುಟ ಒಂದು ಕಡೆ ಇಟ್ಟುಕೊಂಡು ಒಬ್ಬನೇ ಕೂತು ಕಳೆದ ಆಯುಷ್ಯ. ಈಗ ನಾವಿಬ್ಬರೂ ಟೆಕ್ಸಾಸಿನ ಜಾರ್ಜ್‌ಟೌನ್‌ನಲ್ಲಿ ಮಗಳು ಸುಧಾಳ ಮನೆಯಲ್ಲಿದ್ದೇವೆ. ಬಂದ ಹೊಸತರಲ್ಲಿ ನಾನು ಮಂಕಾಗಿದ್ದುದನ್ನು ನೋಡಿ ಸುಧಾಳೇ ಹುಡುಕಿ ತೆಗೆದಳು — ಆಸ್ಟಿನ್ನಿನ ಉತ್ತರದಿಂದ ಬೆಟ್ಟಗುಡ್ಡಗಳ ಕಡೆಗೆ ಶನಿವಾರ ಒಂದು ಹಳೆಯ ಕಾಲದ ರೈಲು ಓಡುತ್ತದೆ, ಜನ ಅದನ್ನು ಪ್ರೀತಿಗಾಗಿ ಉಳಿಸಿಕೊಂಡಿದ್ದಾರೆ ಎಂದು. ನಮ್ಮಿಬ್ಬರನ್ನೂ ಅದಕ್ಕೆ ಹತ್ತಿಸಿದಳು.

ತೆರೆದ ಕಿಟಕಿ, ಹಳೆಯ ಸೀಟಿನ ವಾಸನೆ, ಬಿಳಿ ಸುಣ್ಣಕಲ್ಲಿನ ನೆಲ, ಉದ್ದ ಕೊಂಬಿನ ದನಗಳು. ಹಳಿ ಜೋಡಣೆಯ ಮೇಲೆ ಗಾಲಿ ಹಾಯುವ ಸದ್ದಿನಿಂದಲೇ ವೇಗ ಲೆಕ್ಕ ಹಾಕಿ ಸರೋಜಳಿಗೆ ಹೇಳಿದೆ. ಸುಖವೆಂದರೆ ಏನೆಂದು ಅವತ್ತು ಮತ್ತೆ ನೆನಪಾಯಿತು.

ಗಾಡಿ ಒಂದು ಶನಿವಾರ ಒಂದು ಊರಿಗೆ, ಇನ್ನೊಂದು ಶನಿವಾರ ಅದರಾಚೆಯ ಊರಿಗೆ ಹೋಗುತ್ತದೆ. ಊಟಕ್ಕೆ ಎರಡು ಗಂಟೆ ನಿಲುಗಡೆ. ಹಳಿಯ ಪಕ್ಕದಲ್ಲೇ ಹಳ್ಳಿಯ ಪಬ್ಬುಗಳಿವೆ — ತಗಡಿನ ಮಾಡು, ಮರದ ಮೇಜು, ಗೋಡೆಯ ಮೇಲೆ ಜಿಂಕೆಯ ತಲೆ. ಆ ದಾರಿಯಲ್ಲಿ ಅಂಥವು ಮೂರು. ಮೂರರಲ್ಲೂ ಇವತ್ತು ನನ್ನನ್ನು ಬಲ್ಲವರಿದ್ದಾರೆ.

ಮೊದಲ ಸಲ ಒಳಗೆ ಹೋದದ್ದು ನಲ್ಲಿ ಹುಡುಕಿಕೊಂಡು. ಕಾಲಿಟ್ಟವನೇ ನಿಂತುಬಿಟ್ಟೆ. ನೆಲ ಹೊರಗಿನ ಹಳಿಗಿಂತ ಎದೆಯೆತ್ತರಕ್ಕಿತ್ತು, ಬಾಗಿಲು ವ್ಯಾಗನ್ನಿನ ಬಾಗಿಲಿನಷ್ಟೇ ಅಗಲ. ಇದು ಗೂಡ್ಸ್ ಶೆಡ್ಡಾಗಿತ್ತು ಅಲ್ಲವೇ ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಮೂಲೆಯ ಮೇಜಿನಲ್ಲಿ ಡಾಮಿನೊ ಆಡುತ್ತಿದ್ದ ರಾಯ್ ಎಂಬ ಮುದುಕ ತಲೆಯೆತ್ತಿದ. ಅವನಜ್ಜ ಅಲ್ಲಿ ಹತ್ತಿಯ ಮೂಟೆ ಹೊತ್ತವನಂತೆ. ನಿಮಗೆ ಹೇಗೆ ಗೊತ್ತಾಯಿತು ಎಂದ. ನಾನು ಗಾರ್ಡ್ ಎಂದೆ. ಅಂದಿನಿಂದ ಅಲ್ಲಿ ನನ್ನ ಹೆಸರೇ ಗಾರ್ಡ್.

ಅವರ ಆಟವನ್ನು ಐದು ನಿಮಿಷ ನೋಡಿದ್ದೇ ತಡ, ನನಗೆ ನಗು ಬಂತು. ನಾಲ್ಕು ಜನ, ಎದುರುಬದುರು ಕೂತವರು ಜೋಡಿ, ಎಷ್ಟು ಅಂಕ ಮಾಡುತ್ತೇವೆಂದು ಮೊದಲೇ ಕೂಗಬೇಕು, ಗೆದ್ದ ಕೂಗಿನವರು ತುರುಪು ಹೇಳಬೇಕು. ಎಲೆಗಳ ಬದಲು ಚುಕ್ಕೆಯ ಬಿಲ್ಲೆಗಳು, ಒಟ್ಟು ಅಂಕ ಇಪ್ಪತ್ತೆಂಟರ ಬದಲು ನಲವತ್ತೆರಡು, ಅಷ್ಟೇ. ನಮ್ಮ ಇಸ್ಪೀಟಿನ ಇಪ್ಪತ್ತೆಂಟಿಗೆ ಸೋದರಸಂಬಂಧಿ. ಆ ಇಪ್ಪತ್ತೆಂಟನ್ನು ನನಗೆ ಕಲಿಸಿದವಳು ಹೊರಗೆ ಸ್ಟೇಷನ್ನಿನ ಬೆಂಚಿನ ಮೇಲೆ ಮೊಸರನ್ನದ ಡಬ್ಬಿ ಇಟ್ಟುಕೊಂಡು ಕೂತಿದ್ದಳು.

ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಸರೋಜಳನ್ನು ಸೋಲಿಸಿದವರಿಲ್ಲ. ಮೂರನೇ ಸುತ್ತಿಗೆ ಯಾರ ಕೈಯಲ್ಲಿ ಯಾವ ಎಲೆ ಇದೆಯೆಂದು ಹೇಳಿಬಿಡುತ್ತಿದ್ದಳು. ನಾನು ಅವಳ ಎದುರು ಕೂತು ಬೈಸಿಕೊಂಡವನು. "ಗುಲಾಮನ್ನ ಕೈಲಿಟ್ಕೊಂಡು ಯಾಕ್ರೀ ಕೂತಿದ್ರಿ? ತಲೇಲಿರೋದು ಜಲ್ಲಿಕಲ್ಲಾ?"

ಎರಡನೇ ಸಲ ಅಲ್ಲಿಗೆ ಹೋದಾಗ ನಾನು ಆಡಲು ಕೂತೆ. ಮೂರನೇ ಸಲ ಗೆದ್ದೆ. ರಾಯ್ ಎದ್ದು ನನ್ನ ಕೈ ಕುಲುಕಿದ. ಪಬ್ಬಿನ ಒಡತಿ ಡಾರ್ಲೀನ್ ಒಂದು ಲೋಟ ಶುಂಠಿ ಸೋಡಾ ತಂದಿಟ್ಟು, ಹೊರಗೆ ಕೂತಿರುವವರು ನಿಮ್ಮ ಮನೆಯವರಲ್ಲವೇ, ಒಳಗೆ ಕರೆಯಿರಿ ಎಂದಳು. ಮುಂದಿನ ಸಲ ಎಂದೆ.

ಗಾಡಿಯಲ್ಲಿ ವಾಪಸ್ಸು ಬರುವಾಗ ಸರೋಜಳೂ ಕೇಳಿದಳು, ಒಳಗೆ ಏನಾಡ್ತಾರೆ, ನಾನೂ ಬರಬಹುದಾ ಎಂದು. ಆಗ ನನ್ನ ಬಾಯಿಂದ ಆ ಮಾತು ಬಂತು.

"ಅಲ್ಲಿ ಒಳಗೆ ಹೋದೋರು ಕುಡೀಲೇಬೇಕು. ಇಲ್ಲಿಯ ಕಾನೂನು."

"ಮಕ್ಕಳನ್ನೂ ಕರ್ಕೊಂಡು ಹೋಗ್ತಾರಲ್ಲ?"

"ಮಕ್ಕಳಿಗೆ ವಿನಾಯಿತಿ."

ಅವಳು ನಂಬಿದಳು. ಕಾನೂನೆಂದರೆ ಅವಳಿಗೆ ಅಷ್ಟು ಭಯ. ಒಂದು ಕಾರೂ ಇಲ್ಲದ ರಸ್ತೆಯಲ್ಲೂ ದೀಪ ಬದಲಾಗುವವರೆಗೆ ನಿಲ್ಲುವವಳು. ನಮ್ಮ ಗ್ರೀನ್ ಕಾರ್ಡಿಗೆ ಏನಾದರೂ ಆದೀತೆಂದು ಹೆದರುವವಳು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದಳು: "ಹಾಗಾದ್ರೆ ನೀವು?"

"ಒಂದು ಗ್ಲಾಸು ಬಿಯರು. ಕಾನೂನಿಗೆ."

ಯಾಕೆ ಹಾಗೆಂದೆ — ಅವಳು ಒಳಗೆ ಬಂದರೆ ಎರಡು ಶನಿವಾರದಲ್ಲಿ ನಾನು ಯಾರೂ ಅಲ್ಲದವನಾಗುತ್ತೇನೆಂದು ಗೊತ್ತಿತ್ತು. ಕುಡುಕ ಅನ್ನಿಸಿಕೊಳ್ಳಲು ಒಪ್ಪಿದೆ, ಎರಡನೆಯವನಾಗಲು ಒಪ್ಪಲಿಲ್ಲ. ಅವಳ ವಿದ್ಯೆಯಿಂದ ಗೆಲ್ಲುತ್ತ, ಅವಳನ್ನೇ ಬೆಂಚಿನ ಮೇಲೆ ಕೂರಿಸಿದೆ.

ಹೀಗೆ ಮೂರು ವರ್ಷ. ಆಸ್ಟಿನ್ನಿನ ದೇವಸ್ಥಾನಕ್ಕೆ ಹೋಗೋಣವೆಂದು ಸುಧಾ ಕರೆದರೂ ಸರೋಜ ಶನಿವಾರ ನನ್ನ ಜೊತೆಗೇ ಬರುವಳು — "ಕುಡಿದೋರನ್ನ ಒಬ್ಬರನ್ನೇ ಬಿಡೋಕಾಗುತ್ತಾ?" ನಾನು ಹೊರಗೆ ಬಂದಾಗ ನನ್ನ ನಡಿಗೆ ನೋಡುವಳು. ಆಮೇಲೆ ಸೆರಗಿನ ಗಂಟಿನಿಂದ ಎರಡು ಏಲಕ್ಕಿ ತೆಗೆದು ಕೊಡುವಳು. "ಅಗೀರಿ. ಸುಧಾಗೆ ವಾಸನೆ ಗೊತ್ತಾಗ್ಬಾರದು." ನಾನು ಅಗಿಯುತ್ತಿದ್ದೆ. ಶುಂಠಿ ಸೋಡಾದ ಮೇಲೆ ಏಲಕ್ಕಿ.

ಅವಳು ಕಾಫಿ ಬಿಟ್ಟದ್ದನ್ನು ನೋಡಿದ್ದೆ. ಕೇಳಿದರೆ ಅಸಿಡಿಟಿ ಎಂದಿದ್ದಳು. ಹಾಸನ ಜಿಲ್ಲೆಯ ಹೆಣ್ಣುಮಗಳು, ಬೆಳಗಿನ ಡಿಕಾಕ್ಷನ್ ಇಳಿಯುವ ಮೊದಲು ಯಾರೊಡನೆಯೂ ಮಾತಾಡದವಳು, ಬಿಸಿನೀರು ಕುಡಿಯುತ್ತ ಕೂರುತ್ತಿದ್ದಳು. ನಮ್ಮೆಲ್ಲರಿಗೂ ಕಾಫಿ ಮಾಡಿ ಕೊಟ್ಟು, ಫಿಲ್ಟರ್ ತೊಳೆಯುವ ಮೊದಲು ಒಮ್ಮೆ ಮೂಗಿನ ಹತ್ತಿರ ಹಿಡಿಯುವಳು. ಅದನ್ನೂ ನೋಡಿದ್ದೆ.

ಸಂಕ್ರಾಂತಿಗೆ ಹ್ಯೂಸ್ಟನ್ ಕಡೆ ಪೇರ್ಲ್ಯಾಂಡಿನ ಮೀನಾಕ್ಷಿ ಗುಡಿಗೆ ಹೋಗಿದ್ದೆವು. ನಾನು ಗೋಡೆಯ ಈಚೆ ಬೂಟಿನ ಲಾಡಿ ಕಟ್ಟುತ್ತಿದ್ದೆ. ಆಚೆ ಸುಧಾಳ ಗೆಳತಿ ಮಾಲತಿ ಸರೋಜಳಿಗೆ ಕಾಫಿ ಕೊಡಲು ಬಂದಳು.

"ಬೇಡಮ್ಮ, ಬಿಟ್ಟಿದೀನಿ."

"ಅಸಿಡಿಟಿನಾ ಆಂಟಿ?"

"ಅದು ಮನೇಲಿ ಹೇಳೋದು. ಇವರು ಕುಡಿಯೋದು ಬಿಡೋವರೆಗೂ ಕಾಫಿ ಮುಟ್ಟಲ್ಲ ಅಂತ ಈ ಅಮ್ಮನ ಮುಂದೇನೇ ಹೇಳ್ಕೊಂಡಿದೀನಿ. ನೀನು ಸುಧಾಗೆ ಹೇಳ್ಬೇಡ. ಅಪ್ಪನ ಮೇಲೆ ಗೌರವ ಹೋಗುತ್ತೆ."

ಲಾಡಿ ಕಟ್ಟುವುದು ಮರೆತು ಕೂತೆ.

ಅವತ್ತೇ ಹೇಳಬಹುದಿತ್ತು. ಕುಡಿಯುವುದು ಬಿಟ್ಟೆ ಎಂದು ಇನ್ನೊಂದು ಸುಳ್ಳು ಹೇಳಿದ್ದರೂ ಅವಳಿಗೆ ಕಾಫಿ ಸಿಗುತ್ತಿತ್ತು. ಆದರೆ ಕುಡಿಯದವನು ಪಬ್ಬಿಗೆ ಹೋಗುವಂತಿಲ್ಲ — ಅದು ನಾನೇ ಮಾಡಿದ ಕಾನೂನು. ಒಂದು ಕಡೆ ಅವಳ ಲೋಟ, ಇನ್ನೊಂದು ಕಡೆ ನನ್ನ ಡಾಮಿನೊ ಮೇಜು. ಏಳು ತಿಂಗಳು, ಪ್ರತಿ ಶನಿವಾರ, ನಾನು ಮೇಜನ್ನೇ ಆರಿಸಿಕೊಂಡೆ. ಗೊತ್ತಿದ್ದೂ.

ಆಗಸ್ಟಿನ ಒಂದು ಶನಿವಾರ ಬೆಂಚು ಮುಟ್ಟಲಾಗದಷ್ಟು ಕಾದಿತ್ತು. ಡಾರ್ಲೀನ್ ನನ್ನನ್ನು ಕೇಳದೆಯೇ ಹೊರಗೆ ಹೋಗಿ ಸರೋಜಳ ಕೈ ಹಿಡಿದು ಒಳಗೆ ಕರೆತಂದಳು. ಸರೋಜ ಬಾಗಿಲಲ್ಲಿ ನಿಂತು, ತನಗೆ ಬರುವ ನಾಲ್ಕು ಇಂಗ್ಲಿಷ್ ಪದದಲ್ಲಿ, ತಾನು ಬಿಯರ್ ಕುಡಿಯುವುದಿಲ್ಲ ಎಂದಳು. ಡಾರ್ಲೀನ್ ನಕ್ಕು ನನ್ನ ಲೋಟ ತೋರಿಸಿದಳು — ಗಾರ್ಡ್ ಕೂಡ ಕುಡಿಯುವುದಿಲ್ಲ, ಮೂರು ವರ್ಷದಿಂದ ಬರೀ ಶುಂಠಿ ಸೋಡಾ.

ಸರೋಜ ಲೋಟ ಎತ್ತಿ ಮೂಸಿ ನೋಡಿದಳು. ಕುರ್ಚಿ ಎಳೆದು ನನ್ನ ಹಿಂದೆ ಕೂತಳು. ನಾಲ್ಕು ಆಟ ನೋಡಿದಳು. ಐದನೆಯದಕ್ಕೆ, ನನ್ನ ಜೊತೆಗಾರ ಎದ್ದು ಹೋದಾಗ, ಅವನ ಜಾಗದಲ್ಲಿ ಕೂತಳು.

ಆ ಮಧ್ಯಾಹ್ನದ ಬಗ್ಗೆ ನಾನು ಎಷ್ಟು ಬರೆದರೂ ಸಾಲದು. ಬಿಲ್ಲೆಗಳನ್ನು ಅಕ್ಕಿ ಆರಿಸಿದಂತೆ ಬೆರಳಲ್ಲಿ ಸರಿಸುತ್ತ, ಯಾರ ಮುಖವನ್ನೂ ಬಿಡದೆ ನೋಡುತ್ತ ಆಡಿದಳು — ಎರಡು ಸಲ ಅವಳು ಕೊನೆಯ ಬಿಲ್ಲೆ ಇಡುವ ಮೊದಲೇ ರಾಯ್ ತನ್ನದನ್ನು ಮಗುಚಿಟ್ಟು ಕೈ ಮುಗಿದ. ನಾನೊಂದು ತಪ್ಪು ಬಿಲ್ಲೆ ಹಾಕಿದೆ. "ಇಷ್ಟು ವರ್ಷ ಇಲ್ಲಿ ಏನ್ ಕಲಿತ್ರಿ? ತಲೇಲಿ ಇನ್ನೂ ಜಲ್ಲಿಕಲ್ಲೇ" ಅಂದಳು. ಮಾತು ಯಾರಿಗೂ ತಿಳಿಯಲಿಲ್ಲ, ಎಲ್ಲರೂ ನಕ್ಕರು. ನಾನೂ ನಕ್ಕೆ. ಹೆದರಿದ್ದ ಹಾಗೆಯೇ ಆಯಿತು — ನಾನು ಎರಡನೆಯವನಾದೆ. ಆಶ್ಚರ್ಯವೆಂದರೆ, ಎದೆ ತುಂಬಿ ಬಂತು.

ವಾಪಸ್ಸು ಗಾಡಿಯಲ್ಲಿ ಅವಳು ಕಿಟಕಿಯಾಚೆ ನೋಡುತ್ತ ಕೇಳಿದಳು. "ಕಾನೂನು?"

ಸುಳ್ಳು ಹೇಳಿದೆ, ನಿನ್ನ ಮುಂದೆ ಸೋಲುವುದಕ್ಕೆ ನಾಚಿಕೆಯಾಗಿತ್ತು ಎಂದೆ. ಅವಳು ಇದ್ದಕ್ಕಿದ್ದಂತೆ ನಗತೊಡಗಿದಳು, ಕಣ್ಣಲ್ಲಿ ನೀರು ಬರುವಷ್ಟು. "ನಾನು ಕಾಫಿ ಯಾಕೆ ಬಿಟ್ಟಿದ್ದು ಗೊತ್ತಾ ನಿಮಗೆ?"

ಆಗಲೂ ನಿಜ ಹೇಳಲು ಬಾಗಿಲು ತೆರೆದಿತ್ತು. ನಾನು ಅಂದೆ —

"ಅಸಿಡಿಟಿಗಲ್ವಾ?"

ಅವಳು ಹರಕೆಯ ಕತೆ ಹೇಳಿದಳು. ನಾನು ಬೆರಗಾದವನಂತೆ ಕೇಳಿದೆ. ಕೊನೆಗೆ ಅವಳೇ ನನ್ನ ಕೈ ತಟ್ಟಿ ಅಂದಳು: "ಹೋಗ್ಲಿ ಬಿಡಿ. ನಿಮಗೆ ಗೊತ್ತಿದ್ದಿದ್ರೆ ಒಂದು ದಿನಾನೂ ಹೀಗೆ ಮಾಡ್ತಿರ್ಲಿಲ್ಲ."

ಇದು ನಡೆದು ಎರಡು ವರ್ಷ. ಅವತ್ತು ಸಂಜೆ ಅವಳು ಕಾಫಿ ಕುಡಿಯುವುದನ್ನು ನೋಡಲಾಗದೆ ನಾನು ಹಿತ್ತಲಿಗೆ ಹೋಗಿದ್ದೆ. ಈಗ ಅವಳು ಪುಡಿ, ಫಿಲ್ಟರ್ ಎರಡನ್ನೂ ಚೀಲದಲ್ಲಿ ಒಯ್ಯುತ್ತಾಳೆ, ಡಾರ್ಲೀನ್ ಬಿಸಿನೀರು, ಹಾಲು ಕೊಡುತ್ತಾಳೆ, ರಾಯ್‌ಗೂ ಅಭ್ಯಾಸವಾಗಿದೆ. ಹೋದ ವಸಂತದಲ್ಲಿ ಡಲ್ಲಾಸ್ ಕಡೆಯ ಹೆಸರಾಂತ ಜೋಡಿಯೊಂದು ಇವಳನ್ನು ನೋಡಲೆಂದೇ ಬಂತು. ಸೋತು ಹೋಯಿತು. ಮೂರೂ ಪಬ್ಬುಗಳಲ್ಲಿ ನನ್ನ ಹೆಸರು ಬದಲಾಗಿದೆ. ಗಾರ್ಡ್ ಅಲ್ಲ, ಸರೋಜಳ ಗಂಡ. ಮೂವತ್ತೈದು ವರ್ಷದ ಸರ್ವಿಸಿನಲ್ಲಿ ನನಗೆ ಇಂಥ ಬಡ್ತಿ ಸಿಕ್ಕಿರಲಿಲ್ಲ.

ಆದರೆ ಪ್ರತಿ ಶನಿವಾರ ಅವಳು ಲೋಟವನ್ನು ಬಲಗಡೆ ಇಟ್ಟುಕೊಂಡು ಮೊದಲ ಗುಟುಕು ಕುಡಿಯುವಾಗ ಆ ಮಾತು ಕೇಳುತ್ತದೆ — ಗೊತ್ತಿದ್ದಿದ್ರೆ. ಸರೋಜ, ನನಗೆ ಗೊತ್ತಿತ್ತು.

ನಾಳೆ ಶುಕ್ರವಾರ. ಬೆಳಗಿನ ಕಾಫಿ ಆದ ಮೇಲೆ ಅಡಿಗೆಮನೆಯ ಮೇಜಿನಲ್ಲಿ ಇದನ್ನು ಅವಳಿಗೆ ಓದಿ ಹೇಳುತ್ತೇನೆ. ಕನ್ನಡಕ ಇಲ್ಲವೆಂದು ಅವಳ ಕೈಗೆ ಕೊಟ್ಟು ಎದ್ದು ಹೋಗುವುದಿಲ್ಲ. ನಾನೇ, ಬಾಯಿ ಬಿಟ್ಟು, ಎದುರು ಕೂತು. ಶನಿವಾರ ಅವಳೆದುರಿನ ಕುರ್ಚಿಯಲ್ಲಿ ನಾನಿರಬೇಕೋ ಇನ್ನೊಬ್ಬರಿರಬೇಕೋ ಅವಳು ಹೇಳಲಿ. ಬೆಂಚು ಎಲ್ಲಿದೆಯೆಂದು ನನಗೆ ಗೊತ್ತು. ಎದುರು ಯಾರು ಕೂತರೂ ಗೆಲ್ಲುವವಳು ಅವಳೇ.