ಮುಂದಿನ ಇಂಜಿನ್ನಿಗೆ ಕಾಯದ ಆಂಡಾಳಮ್ಮ

ಆಂಡಾಳಮ್ಮನವರ ಡ್ರೈವಿಂಗ್ ಲೈಸೆನ್ಸು ಎರಡು ಸಲ ರಿನ್ಯೂ ಆಯಿತು. ಕಾರು ಮಾತ್ರ ಮನೆಗೆ ಬರಲಿಲ್ಲ. ಹನ್ನೊಂದು ವರ್ಷ ಬರಲಿಲ್ಲ.

ಅವರ ಮನೆ ಎನ್.ಆರ್. ಕಾಲೋನಿಯಲ್ಲಿ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಐವತ್ತು ತುಂಬಿದ ವರ್ಷ ಕಾರು ಕಲಿತರು, ಈಗ ಅವರಿಗೆ ಅರವತ್ತೊಂದು. ನಾನು ಬಸವನಗುಡಿಯಲ್ಲಿ, ಹೊಸ ಗಾಡಿಗಳಿಗೆ ಪೂಜೆ ಮಾಡಿಸುವ ದೇವಸ್ಥಾನದ ಹೊರಗೆ, ಹೂವು ನಿಂಬೆಹಣ್ಣು ಇಟ್ಟುಕೊಂಡು ಕೂರುತ್ತೇನೆ. ಶುಕ್ರವಾರ ಶುಕ್ರವಾರ ಎರಡು ಮೊಳ ಮಲ್ಲಿಗೆಗೆ ಬರುತ್ತಿದ್ದರು. ಹಾಗೆ ಪರಿಚಯ.

ಅವರ ಯಜಮಾನರು ಚಕ್ರಪಾಣಿಗಳು. ಕೆಟ್ಟ ಮನುಷ್ಯರಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಹೆಂಡತಿಗೆ ಒಂದು ದಿನವೂ ಕಾರು ಬೇಡ ಎಂದವರಲ್ಲ. ತಗೊಳ್ಳೋಣ, ಆದರೆ ಈಗಲ್ಲ ಎಂದವರು. ಅವರ ಮನೆಯ ಗೇಟು ಅಗಲ ಕಡಿಮೆ, ಒಳಗೆ ತುಳಸಿಕಟ್ಟೆ ಬೇರೆ. ದೊಡ್ಡ ಗಾಡಿ ನುಗ್ಗುವುದಿಲ್ಲ. ತಗ್ಗಿನ ಗಾಡಿಯಾದರೆ ಮಂಡಿನೋವಿಗೆ ಹತ್ತಿ ಇಳಿಯುವುದು ಕಷ್ಟ. ಎತ್ತರವಾಗಿ, ಉದ್ದ ಅಗಲ ಕಡಿಮೆ ಇರುವ ಸಣ್ಣ ಎಸ್‌ಯುವಿ ಆಗಬೇಕು. ಇಷ್ಟರವರೆಗೆ ಗಂಡ ಹೆಂಡತಿ ಒಂದೇ ಮಾತು. ಬಾನೆಟ್ಟಿನ ಒಳಗೆ ಏನಿರಬೇಕು ಅನ್ನುವಲ್ಲಿ ಹನ್ನೊಂದು ವರ್ಷ ಹೋಯಿತು.

ಮೊದಲು ಡೀಸೆಲ್ ಎಂದರು. ಅಷ್ಟರಲ್ಲಿ ದೆಹಲಿಯಲ್ಲಿ ಡೀಸೆಲ್ ಗಾಡಿ ಹತ್ತು ವರ್ಷಕ್ಕೆ ಮೂಲೆಗೆ ಹಾಕಬೇಕಂತೆ ಎಂದು ಪೇಪರಿನಲ್ಲಿ ಓದಿದರು. ಇವತ್ತು ಅಲ್ಲಿ, ನಾಳೆ ಇಲ್ಲಿ ಎಂದು ಬಿಟ್ಟರು. ಹೊಗೆಯ ಕಾನೂನು ಬದಲಾಗುತ್ತದೆ, ಅದಕ್ಕೆ ತಕ್ಕ ಇಂಜಿನ್ ಬರಲಿ ಎಂದು ಎರಡು ವರ್ಷ. ಅದು ಬರುವ ಹೊತ್ತಿಗೆ ಕೊರೊನಾ. ಆಮೇಲೆ ಟರ್ಬೊ. ಆಮೇಲೆ ಸಿಎನ್‌ಜಿ, ಅದರ ಸಿಲಿಂಡರ್ ಇಟ್ಟರೆ ಡಿಕ್ಕಿಯಲ್ಲಿ ಒಂದು ಅಕ್ಕಿ ಮೂಟೆಗೂ ಜಾಗವಿಲ್ಲ. ಆಮೇಲೆ ಪೂರಾ ಕರೆಂಟಿನ ಗಾಡಿ, ಮನೆಯಲ್ಲಿ ಅದಕ್ಕೆ ಬೇರೆ ಲೈನ್ ಎಳೆಸಬೇಕು. ಪೇಪರಿನ ತುಂಡುಗಳನ್ನೆಲ್ಲ ಕತ್ತರಿಸಿ ಒಂದು ನೀಲಿ ಫೈಲಿಗೆ ಹಾಕಿಟ್ಟಿದ್ದರು. ಆ ಫೈಲನ್ನು ನಾನೇ ನೋಡಿದ್ದೇನೆ. ಗೇಣು ದಪ್ಪ ಇತ್ತು.

ಅವರ ಗೆಳೆಯರು ಕಶ್ಯಪ್ ಅಂತ ಒಬ್ಬರು, ಪಕ್ಕದ ರಸ್ತೆಯವರು. ಇಬ್ಬರೂ ಬೆಳಗಿನ ವಾಕಿಂಗ್ ಮುಗಿಸಿ ನನ್ನ ಬುಟ್ಟಿಯ ಹಿಂದಿನ ಕಟ್ಟೆಯ ಮೇಲೆ ಕೂರುತ್ತಿದ್ದರು. ಮಾತು ಎಲ್ಲಿ ಶುರುವಾದರೂ ಇಂಜಿನ್ನಿಗೇ ಬಂದು ನಿಲ್ಲುತ್ತಿತ್ತು.

"ಮುಂದಿನ ಮಾಡೆಲ್‌ಗೆ ಮೂರು ಸಿಲಿಂಡರ್ ಟರ್ಬೊ ಹಾಕ್ತಾರಯ್ಯ, ಗ್ಯಾರಂಟಿ," ಎನ್ನುವರು ಕಶ್ಯಪ್.

"ಮೂರು ಸಿಲಿಂಡರ್ ನಡುಗತ್ತೆ. ನಾಲ್ಕೇ ಹಾಕ್ಬೇಕು. ಹಾಕೇ ಹಾಕ್ತಾರೆ, ನೀ ನೋಡ್ತಿರು."

ಒಂದು ಸಲ ಆಂಡಾಳಮ್ಮ ಮಲ್ಲಿಗೆ ಮುಡಿಯುತ್ತಾ ಇದನ್ನು ಕೇಳಿಸಿಕೊಂಡರು. "ಮೂರೋ ನಾಲ್ಕೋ, ನಮ್ಮನೇಲಿ ಓಡ್ತಿರೋದು ಅಡುಗೆಮನೆ ಸಿಲಿಂಡರ್ ಒಂದೇ," ಎಂದರು. ಕಶ್ಯಪ್ ನಕ್ಕರು. ಚಕ್ರಪಾಣಿಗಳು ನಗಲಿಲ್ಲ, "ಆತುರ ಪಟ್ಟೋರು ಪಶ್ಚಾತ್ತಾಪ ಪಡ್ತಾರೆ ಆಂಡಾಳ್," ಎಂದರು.

ಕಲಿತದ್ದು ಮರೆಯಬಾರದೆಂದು ಆಂಡಾಳಮ್ಮ ತಿಂಗಳ ಮೊದಲ ಶನಿವಾರ ಡ್ರೈವಿಂಗ್ ಸ್ಕೂಲಿಗೆ ಹೋಗಿ ಒಂದು ಗಂಟೆ ಗಾಡಿ ಓಡಿಸಿ ಬರುತ್ತಿದ್ದರು. ಕೊರೊನಾದ ತಿಂಗಳು ಬಿಟ್ಟರೆ ಒಂದು ಶನಿವಾರವೂ ತಪ್ಪಿಸಲಿಲ್ಲ. ಕಲಿಸುವವನು ಗೌರೀಶ. ಸ್ಕೂಲಿನ ಕಾರಿನಲ್ಲಿ ಕಲಿಸುವವನ ಕಾಲ ಹತ್ತಿರವೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತದೆ. ಕಲಿಯುವವರು ತಪ್ಪಿದರೆ ಅವನು ಒತ್ತುತ್ತಾನೆ.

"ನಂಗೆ ಗೊತ್ತಾಗೋದೇ ಇಲ್ಲ ಮುನಿಯಕ್ಕ," ಎಂದು ಒಮ್ಮೆ ನನಗೆ ಹೇಳಿದರು. "ಗಾಡಿ ನಿಂತ್ರೆ ನಾನು ನಿಲ್ಲಿಸಿದ್ನೋ, ಗೌರೀಶ ನಿಲ್ಲಿಸಿದ್ನೋ. ಹನ್ನೊಂದು ವರ್ಷ ಆಯ್ತು, ಒಂದು ದಿನ ನಾನೊಬ್ಬಳೇ ಗಾಡಿ ಓಡಿಸಿಲ್ಲ. ಸಾಯೋದ್ರೊಳಗೆ ನಾಲ್ಕು ಚಕ್ರ ನನ್ನ ಕಾಲಿಗೇ ನಿಲ್ಲತ್ತಾ ಅಂತ ನೋಡ್ಬೇಕು. ಅಷ್ಟೇ ಆಸೆ."

ಹೋದ ವರ್ಷ ಲೈಸೆನ್ಸು ರಿನ್ಯೂ ಮಾಡಿಸಲು ಡಾಕ್ಟರ ಸರ್ಟಿಫಿಕೇಟು ಬೇಕಾಯಿತು. ಎಡಗಣ್ಣಿನಲ್ಲಿ ಪೊರೆ ಶುರುವಾಗಿದೆ, ಈ ಸಲ ಬರೆದುಕೊಡುತ್ತೇನೆ, ಮುಂದಿನ ಸಲದ್ದು ಆಗ ನೋಡೋಣ ಎಂದರಂತೆ ಡಾಕ್ಟರು. ಮುಂದಿನ ಸಲ ಅಂದರೆ ಐದು ವರ್ಷ. ಆ ದಿನ ಮನೆಯಲ್ಲಿ ಆಂಡಾಳಮ್ಮ ಗಂಡನಿಗೆ ಹೇಳಿದರು, "ಇಂಜಿನ್ ಬರೋವರೆಗೂ ನೀವು ಕಾಯ್ತೀರಿ. ನನ್ನ ಕಣ್ಣು ಕಾಯಲ್ಲ."

ಆ ಮಾತು ತಾಗಿತು. ಈ ವರ್ಷ ಆಷಾಢಕ್ಕೆ ಮೊದಲೇ ಚಕ್ರಪಾಣಿಗಳು ಪೆಟ್ರೋಲ್ ಗಾಡಿ ಬುಕ್ ಮಾಡಿದರು. ಆಷಾಢದಲ್ಲಿ ಹೊಸ ಗಾಡಿ ಯಾರೂ ತರುವುದಿಲ್ಲವಲ್ಲ, ಶ್ರಾವಣದ ಮೂರನೇ ಶುಕ್ರವಾರ ಒಂಬತ್ತು ಗಂಟೆಗೆ ಪೂಜೆ ಎಂದು ನಿಶ್ಚಯವಾಯಿತು. ಆಂಡಾಳಮ್ಮ ನನಗೆ ಎಂಟು ಮೊಳದ ಸೇವಂತಿಗೆ ಹಾರ, ನಾಲ್ಕು ನಿಂಬೆಹಣ್ಣು ಹೇಳಿಹೋದರು. ಹಣ್ಣು ಗಟ್ಟಿ ಇರಲಿ ಮುನಿಯಕ್ಕ, ಒಡೆದದ್ದು ಕೇಳಿಸಬೇಕು ಎಂದರು. ನಾನು ಮಾರ್ಕೆಟ್ಟಿನಲ್ಲಿ ಒಂದೊಂದಾಗಿ ಅಮುಕಿ ಆರಿಸಿ ತಂದಿದ್ದೆ.

ಶುಕ್ರವಾರ ಒಂಬತ್ತಕ್ಕೆ ಸರಿಯಾಗಿ ಬಂದರು. ನಡೆದುಕೊಂಡು, ಒಬ್ಬರೇ. ರೇಷ್ಮೆ ಸೀರೆ ಉಟ್ಟಿದ್ದರು.

"ಗಾಡಿ?" ಎಂದೆ.

"ನಮ್ಮನೆಯವ್ರು ಕ್ಯಾನ್ಸಲ್ ಮಾಡಿದಾರೆ. ಬುಧವಾರವೇ ಮಾಡಿದ್ದು. ನಂಗೆ ಹೇಳಿದ್ದು ಈಗ, ಕಾಫಿ ಕುಡೀವಾಗ."

"ಯಾಕಂತೆ?"

"ಅದೇ ಗಾಡೀಲಿ ಹೈಬ್ರಿಡ್ ಬರತ್ತಂತೆ, ದೀಪಾವಳಿಗೋ ಯುಗಾದಿಗೋ. ಪೆಟ್ರೋಲೂ ಇರತ್ತಂತೆ, ಬ್ಯಾಟರಿನೂ ಇರತ್ತಂತೆ, ಯಾವಾಗ ಯಾವ್ದು ಬೇಕೋ ಅದೇ ಆರಿಸ್ಕೊಳತ್ತಂತೆ. ಕಶ್ಯಪ್ ಫೋನಲ್ಲಿ ಫೋಟೋ ತೋರಿಸಿದ್ರಂತೆ. ಗುರುತು ಸಿಗದ ಹಾಗೆ ಮೈತುಂಬ ಕಪ್ಪು ಬಿಳುಪು ಗೀಟಿನ ಸ್ಟಿಕ್ಕರ್ ಅಂಟಿಸ್ಕೊಂಡು ಎಲ್ಲೋ ಘಾಟಿ ರೋಡಲ್ಲಿ ಟೆಸ್ಟಿಗೆ ಓಡ್ತಿದೆ. ಅದರೊಳಗೆ ಯಾವ ಇಂಜಿನ್ ಇದೆ ಅಂತ ಫೋಟೋದಲ್ಲಿ ಹೆಂಗೆ ಕಾಣ್ತು ಅಂದೆ. ಹೊಗೆ ಕೊಳವೆ ನೋಡಿದ್ರೆ ಗೊತ್ತಾಗತ್ತೆ ಅಂದ್ರು."

ಆಂಡಾಳಮ್ಮ ಕಟ್ಟೆಯ ಮೇಲೆ ಕೂತರು. ಅಷ್ಟರಲ್ಲಿ ಬೇರೆ ಎರಡು ಕಾರಿಗೆ ಪೂಜೆ ಆಯಿತು, ನೋಡುತ್ತಿದ್ದರು.

"ಮುನಿಯಕ್ಕ, ಮೂವತ್ತೊಂದು ವರ್ಷದಿಂದ ನೋಡ್ತಿದೀರಿ. ಯಾವ ಇಂಜಿನ್ ಒಳ್ಳೇದು?"

ನನಗೆ ಗಾಡಿಯ ಒಳಗಿನ ವಿಷಯ ತಿಳಿಯದು. ಚಕ್ರ ನಿಂಬೆಹಣ್ಣಿನ ಮೇಲೆ ಹತ್ತುವಾಗ ಕೇಳುವ ಸದ್ದು ಗೊತ್ತು. ಡೀಸೆಲ್ ಗಾಡಿ ಸ್ಟಾರ್ಟ್ ಆದರೆ ನನ್ನ ತಕ್ಕಡಿ ತಟ್ಟೆ ಸಣ್ಣಗೆ ಅಲುಗುತ್ತದೆ. ಹಸಿರು ನಂಬರ್ ಪ್ಲೇಟಿನ ಕರೆಂಟು ಗಾಡಿ ಸದ್ದೇ ಮಾಡುವುದಿಲ್ಲ, ಹಣ್ಣು ಒಡೆದಾಗಲೇ ಹೊರಟಿತು ಎಂದು ತಿಳಿಯುವುದು. ಇನ್ನೊಂದು ಗೊತ್ತು. ಇಲ್ಲಿ ಪೂಜೆಯಾದ ಗಾಡಿಗಳಲ್ಲಿ ಎಷ್ಟೋ ಪ್ರತಿ ವರ್ಷ ಆಯುಧಪೂಜೆಗೆ ನನ್ನ ಮುಂದೆಯೇ ಬಂದು ನಿಲ್ಲುತ್ತವೆ.

"ಎಲ್ಲಾ ತಿರುಗಿ ಬತ್ತವೆ ಆಂಡಾಳಮ್ಮ," ಎಂದೆ. "ಡೀಸೆಲ್ಲೂ ಬತ್ತೈತೆ, ಪೆಟ್ರೋಲೂ ಬತ್ತೈತೆ, ಕರೆಂಟಿಂದೂ ಬತ್ತೈತೆ. ತಗೊಳ್ದೇ ಇದ್ದಿದ್ದು ಒಂದೇ ಬರಾಕಿಲ್ಲ."

ಅವರು ಎದ್ದು ಸೀರೆ ಕೊಡವಿದರು. "ಹಾರ ಇವತ್ತು ಬೇರೆಯವರಿಗೆ ಕೊಟ್ಬಿಡಿ. ಮುಂದಿನ ಶುಕ್ರವಾರಕ್ಕೆ ಹೊಸದು ಕಟ್ಟಿಡಿ. ನಿಂಬೆಹಣ್ಣು ನಾನು ತಗೊಂಡು ಹೋಗ್ತೀನಿ," ಎಂದು ನಾಲ್ಕನ್ನೂ ಕೈಚೀಲಕ್ಕೆ ಹಾಕಿಕೊಂಡು, ಅಲ್ಲೇ ಆಟೋ ನಿಲ್ಲಿಸಿ ಶೋರೂಮಿಗೆ ಹೋದರು.

ಅಲ್ಲಿ ನಡೆದದ್ದನ್ನು ಆಮೇಲೆ ಅವರೇ ಹೇಳಿದರು. ಗಾಡಿ ಮಾರುವ ನಿತೀಶ್ ಎಂಬುವನು ಬಾಗಿಲ ಕಡೆ ನೋಡುತ್ತಲೇ ಇದ್ದನಂತೆ.

"ಸರ್ ಬರ್ತಿದಾರಾ ಮೇಡಂ?"

"ಸರ್‌ಗೆ ಇನ್ನೂ ಹುಟ್ಟದೇ ಇರೋ ಇಂಜಿನ್ ಬೇಕಂತೆ. ನಂಗೆ ನಿಮ್ಮ ಹತ್ರ ಈಗ ಇರೋದು ಸಾಕು. ನನ್ನ ಹೆಸರಿಗೆ ಬರೀರಿ."

"ಹಾಗಾದ್ರೆ ಆಟೋಮ್ಯಾಟಿಕ್ ನೋಡಿ ಮೇಡಂ. ಕ್ಲಚ್ ಇರಲ್ಲ. ವಯಸ್ಸಾದೋರಿಗೆ ಸುಲಭ."

"ಹನ್ನೊಂದು ವರ್ಷ ಕ್ಲಚ್ ಕಲ್ತಿದೀನಪ್ಪ. ಅದನ್ನ ಈಗ ಯಾರಿಗೆ ದಾನ ಮಾಡ್ಲಿ?"

ಮುಂದಿನ ಶುಕ್ರವಾರ ಶೋರೂಮಿನ ಡ್ರೈವರು ಗಾಡಿಯನ್ನು ದೇವಸ್ಥಾನದ ಮುಂದೆ ತಂದು ನಿಲ್ಲಿಸಿದ. ಇಟ್ಟಿಗೆ ಬಣ್ಣ, ಪೆಟ್ರೋಲು, ಕೈಯಲ್ಲಿ ಹಾಕುವ ಗೇರು. ಚಕ್ರಪಾಣಿಗಳೂ ಬಂದಿದ್ದರು. ಕಂಕುಳಲ್ಲಿ ನೀಲಿ ಫೈಲು.

"ಮೂರು ತಿಂಗಳು ಆಂಡಾಳ್. ಮೂರೇ ತಿಂಗಳು ತಡೆದಿದ್ರೆ," ಎಂದರು.

"ನಿಮ್ಮ ಇಂಜಿನ್ ಬಂದಾಗ ನೀವು ತಗೊಳ್ಳಿ ರೀ. ನಾನು ಬೇಡ ಅಂದ್ನಾ? ಇದು ನಂದು."

ಅರ್ಚಕರು ಮಂಗಳಾರತಿ ಮಾಡಿ, ಬಾನೆಟ್ಟಿನ ಮೇಲೆ ಅರಿಶಿನದಲ್ಲಿ ಸ್ವಸ್ತಿಕ ಬರೆದರು. ಚಕ್ರಕ್ಕೆ ಹಣ್ಣು ಇಡುವ ಹೊತ್ತು. ಆ ಕೆಲಸ ನಾನು ಮಾಡುವುದಿಲ್ಲ. ಹಣ್ಣು ಮಾರುತ್ತೇನೆ, ಇಡುವುದು ಅರ್ಚಕರು ಅಥವಾ ಗಾಡಿಯವರು. ನನ್ನ ಹಾಗೆ ಗಂಡ ಸತ್ತವಳು ಹೊಸ ಗಾಡಿಯ ಚಕ್ರ ಮುಟ್ಟಬಾರದೆಂದು ಯಾರೂ ಬಾಯಿಬಿಟ್ಟು ಹೇಳಿಲ್ಲ. ಹೇಳದೆಯೇ ನಡೆದುಕೊಂಡು ಬಂದಿದೆ.

ಆಂಡಾಳಮ್ಮ ಕೈಚೀಲದಿಂದ ಹೋದ ವಾರದ ಅದೇ ನಾಲ್ಕು ಹಣ್ಣು ತೆಗೆದು ನನ್ನ ಕೈಗೆ ಕೊಟ್ಟರು. "ನೀವಿಡಿ ಮುನಿಯಕ್ಕ."

"ಬ್ಯಾಡಿ ಆಂಡಾಳಮ್ಮ. ಅಯ್ನೋರು ಇಡ್ತಾರೆ."

"ಹಣ್ಣು ಆರಿಸಿದೋರೇ ಇಡ್ಲಿ."

ಅರ್ಚಕರು ಅತ್ತ ತಿರುಗಿ ತಟ್ಟೆಯ ಕರ್ಪೂರ ಸರಿಮಾಡಿಕೊಂಡರು. ಪಕ್ಕದ ಗಾಡಿಯ ಜೊತೆ ಬಂದಿದ್ದ ಒಬ್ಬ ಹೆಂಗಸು ತುಟಿ ಕಚ್ಚಿಕೊಂಡಳು. ನಾನು ಬಗ್ಗಿ ನಾಲ್ಕು ಚಕ್ರಕ್ಕೂ ಹಣ್ಣು ಇಟ್ಟೆ. ಉರುಳದ ಹಾಗೆ, ಟೈರಿಗೆ ತಾಗಿಸಿ.

ಡ್ರೈವರು, "ಮೇಡಂ, ಹಣ್ಣಿನ ಮೇಲೆ ನಾನೇ ಹತ್ತಿಸ್ಕೊಡ್ಲಾ?" ಎಂದ. ಆಂಡಾಳಮ್ಮ ಬೀಗದ ಕೈಗೆ ಕೈ ಚಾಚಿದರು. ಮೊದಲ ಸಲ ಗಾಡಿ ಕುಪ್ಪಳಿಸಿ ಆಫ್ ಆಯಿತು. ಎರಡನೇ ಸಲವೂ ಆಫ್. ಚಕ್ರಪಾಣಿಗಳು ಕಿಟಕಿಗೆ ಬಾಗಿ, "ನೋಡಿದ್ಯಾ, ಹೈಬ್ರಿಡ್ ಆಗಿದ್ರೆ ಹೀಗೆ ಆಫ್ ಆಗ್ತಿರ್ಲಿಲ್ಲ," ಎಂದರು.

"ಆಫ್ ಆಗಿದ್ದು ನನ್ನ ಕಾಲಿಂದ. ಗಾಡಿ ಸರಿ ಇದೆ. ಆ ಕಡೆ ಸರೀರಿ."

ಮೂರನೇ ಸಲ ನಾಲ್ಕು ಹಣ್ಣೂ ಒಡೆದವು. ನಾಲ್ಕೂ ಕೇಳಿಸಿದವು.

ಹತ್ತು ಮಾರು ಹೋಗಿ ಗಾಡಿ ನಿಂತಿತು. ಗಂಡನನ್ನು ಕರೆಯುತ್ತಾರೆ ಎಂದುಕೊಂಡೆ. "ಮುನಿಯಕ್ಕ, ಬನ್ನಿ ಹತ್ತಿ. ಗವಿಪುರದವರೆಗೆ ಹೋಗ್ಬರೋಣ," ಎಂದರು.

"ಬುಟ್ಟಿ ಯಾರು ನೋಡ್ತಾರೆ?"

"ಅವ್ರು ನೋಡ್ತಾರೆ. ಕಾಯೋದು ಅವರಿಗೆ ಅಭ್ಯಾಸ."

ಚಕ್ರಪಾಣಿಗಳು ಒಮ್ಮೆ ಫೈಲನ್ನು, ಒಮ್ಮೆ ಬುಟ್ಟಿಯನ್ನು ನೋಡಿದರು. ಆಮೇಲೆ ನನ್ನ ಮಣೆಯ ಮೇಲೆ ಕೂತರು. ನಾನು ಕಾಲೊರೆಸಿಕೊಂಡು ಮುಂದಿನ ಸೀಟಿಗೆ ಹತ್ತಿದೆ. ಅಷ್ಟು ವರ್ಷ ಆ ಬೀದಿಯಲ್ಲಿ ಕೂತಿದ್ದರೂ ಪೂಜೆಯಾದ ಗಾಡಿಯೊಳಗೆ ಹೋದದ್ದು ಅದೇ ಮೊದಲು.

ಗವಿಪುರದ ಏರಿನಲ್ಲಿ ಮುಂದೆ ನೀರಿನ ಟ್ಯಾಂಕರು ನಿಂತುಬಿಟ್ಟಿತು. ನಾವೂ ನಿಂತೆವು. ಹಿಂದೆ ಮೂರು ಆಟೋ ಹಾರನ್ ಹೊಡೆಯುತ್ತಿದ್ದವು. ಟ್ಯಾಂಕರು ಹೊರಟಾಗ ನಮ್ಮ ಗಾಡಿ ಹೊರಡುವ ಬದಲು ಸ್ವಲ್ಪ ಹಿಂದಕ್ಕೆ ಜಾರಿತು. ನನಗೇ ತಿಳಿಯದೆ ನನ್ನ ಕಾಲು ನೆಲವನ್ನು ಗಟ್ಟಿಯಾಗಿ ಒತ್ತಿತು.

"ಅಲ್ಲೇನೂ ಇಲ್ಲ ಮುನಿಯಕ್ಕ," ಎಂದರು ಆಂಡಾಳಮ್ಮ ರಸ್ತೆಯನ್ನೇ ನೋಡುತ್ತಾ. "ಈ ಗಾಡೀಲಿ ಬ್ರೇಕು ಒಂದೇ. ನನ್ನ ಹತ್ರ ಇದೆ."

ಹಿಂದಿನ ಆಟೋದವನು ಇಳಿದು ಬಂದ. "ಅಮ್ಮಾ, ಕೆಳಗಿಳೀರಿ, ನಾನು ಏರಿಸ್ಕೊಡ್ತೀನಿ."

"ನಿನ್ನ ಆಟೋನ ನಾನು ಓಡಿಸ್ಕೊಡ್ಲಾ ಅಂತ ಕೇಳಿದ್ನಾ? ಎರಡು ಮಾರು ಹಿಂದಕ್ಕೆ ಹೋಗಪ್ಪ."

ಅವನು ಗೊಣಗುತ್ತಾ ಹೋದ. ಆಂಡಾಳಮ್ಮ ಹ್ಯಾಂಡ್‌ಬ್ರೇಕ್ ಎಳೆದರು. ಬೆವರಿದ ಅಂಗೈಯನ್ನು ರೇಷ್ಮೆ ಸೆರಗಿಗೆ ಒರೆಸಿಕೊಂಡರು. ಕ್ಲಚ್ಚನ್ನು ಎಷ್ಟು ನಿಧಾನ ಬಿಟ್ಟರೆಂದರೆ, ಇಂಜಿನ್ನಿನ ಸದ್ದು ದಪ್ಪವಾಗುವುದು ನನಗೆ ಕೇಳಿಸಿತು. ಹ್ಯಾಂಡ್‌ಬ್ರೇಕ್ ಇಳಿಸಿದರು. ಗಾಡಿ ಒಂದು ಬೆರಳೂ ಜಾರದೆ ಏರು ಹತ್ತಿತು. ಮೇಲೆ ಹೋಗಿ ಪಕ್ಕಕ್ಕೆ ನಿಲ್ಲಿಸಿ, ಸ್ಟೀರಿಂಗಿನ ಮೇಲೆ ಎರಡು ಕೈ ಇಟ್ಟರು.

"ನಾನೇ ನಿಲ್ಲಿಸಿದ್ದು," ಎಂದರು. "ನಾನೇ ಹೊರಡಿಸಿದ್ದು."

ವಾಪಸ್ ಬಂದಾಗ ನನ್ನ ಬುಟ್ಟಿಯ ಮುಂದೆ ಹೊಸ ಬಿಳಿ ಗಾಡಿಯವರೊಬ್ಬರು ನಿಂತಿದ್ದರು. ಚಕ್ರಪಾಣಿಗಳು ಮಣೆಯ ಮೇಲೆ ಫೈಲು ಬಿಚ್ಚಿಕೊಂಡಿದ್ದರು.

"ಇದೇ ಗಾಡೀಲಿ ಹೈಬ್ರಿಡ್ ಬರ್ತಿದೆ. ನೀವು ಯುಗಾದಿವರೆಗೆ ತಡೀಬೇಕಿತ್ತು."

"ಯಜಮಾನ್ರೇ, ನಿಂಬೆಹಣ್ಣು ಕೊಡ್ತೀರೋ ಇಲ್ವೋ? ಒಳಗೆ ಅಯ್ನೋರು ಕಾಯ್ತಿದಾರೆ."

ಆಂಡಾಳಮ್ಮ ಕಿಟಕಿ ಇಳಿಸಿದರು. "ಕೊಡ್ರೀ ಅವರಿಗೆ. ನಾಲ್ಕು."

ಅವರು ಎಣಿಸಿ ನಾಲ್ಕು ಕೊಟ್ಟರು. ಹೆಂಡತಿಯ ಮುಖವನ್ನೂ ಗಾಡಿಯನ್ನೂ ನೋಡಿದರು. ಎಲ್ಲೂ ಗೀರಿರಲಿಲ್ಲ. ನಾನು ಇಳಿದು ನನ್ನ ಜಾಗ ಬಿಡಿಸಿಕೊಂಡೆ. ಅವರು ಫೈಲು ಹಿಡಿದು ನಿಂತೇ ಇದ್ದರು.

"ಆ ಹೈಬ್ರಿಡ್ ಬಂದೇ ಬರತ್ತೆ ಆಂಡಾಳ್. ನೋಡ್ತಿರು."

"ಬರ್ಲಿ. ಕಾಯೋರು ಕಾಯಿರಿ," ಎಂದು ಆಂಡಾಳಮ್ಮ ಎಡಗಡೆಯ ಬಾಗಿಲು ತೆರೆದರು. "ಬಿಸಿಲಲ್ಲಿ ನಿಂತು ಯಾಕೆ ಕಾಯ್ತೀರಿ? ಇದರಲ್ಲಿ ಕೂತ್ಕೊಂಡು ಕಾಯಿರಿ."