ನರ್ಸಮ್ಮ ಊದಿದ ಉಸಿರು

ಮೊನ್ನೆ ಸೂಜಿ ಚುಚ್ಚುವ ಮುಂಚೆ ಹುಡುಗಿಯೊಬ್ಬಳು ನನ್ನ ತೋಳಿಗೆ ಸ್ಪಿರಿಟ್ ಸವರಿದಳು. ಆ ವಾಸನೆಗೆ ಪಕ್ಕದ ಮನೆಯ ನರ್ಸಮ್ಮ ನೆನಪಾದರು. ಅವರ ಸೆರಗಿನಲ್ಲೂ ಅದೇ ವಾಸನೆ ಇರುತ್ತಿತ್ತು...

ಎಪ್ಪತ್ತರ ದಶಕದ ಮೊದಲ ವರ್ಷಗಳು. ಹಿರಿಯೂರಿನಿಂದ ಧರ್ಮಪುರದ ಬಸ್ಸು ಹಿಡಿದು, ಇಳಿದು, ಮತ್ತೆ ಎರಡು ಮೈಲಿ ನಡೆಯಬೇಕಾದ ಊರು ನಮ್ಮದು. ಹೆರಿಗೆಗೆ ನರ್ಸಮ್ಮನೇ ದಿಕ್ಕು. ನನ್ನ ಮೊದಲ ಮಗ ಹುಟ್ಟಿದಾಗ ಅಳಲಿಲ್ಲ. ಮೈ ನೀಲಿಗಟ್ಟಿತ್ತು, ಎದೆ ಬಡಿತವೇ ನಿಂತಿತ್ತಂತೆ. ಅತ್ತೆ ಆಗಲೇ ಕೂಸನ್ನು ಸುತ್ತಲು ಹಳೇ ಪಂಚೆ ಹುಡುಕುತ್ತಿದ್ದರು. ನರ್ಸಮ್ಮ ಬಿಡಲಿಲ್ಲ. ಎರಡು ಬೆರಳಲ್ಲಿ ಎದೆ ಒತ್ತುತ್ತ, ಬಾಯಿಗೆ ಬಾಯಿ ಇಟ್ಟು ಊದುತ್ತ ಕುಳಿತರು. ಎಷ್ಟು ಹೊತ್ತೋ... ಕೊನೆಗೆ ಬೆಕ್ಕಿನ ಮರಿಯಂಥ ದನಿಯೊಂದು ಬಂತು. ನಾನು ಅವರ ಕಾಲು ಹಿಡಿದುಕೊಂಡೆ.

ಮಗ ಬದುಕಿದ. ಆದರೆ ಮೂರು ವರ್ಷ ತುಂಬಿದರೂ ಕತ್ತು ನಿಲ್ಲಲಿಲ್ಲ, ಕೈಕಾಲು ಸೆಟೆದೇ ಇರುತ್ತಿದ್ದವು. ನರ್ಸಮ್ಮ ದಿನಾ ಸಂಜೆ ಬಂದು ಅವನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು. ಆಗ ಅವರು ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ದನಿ ಕೇಳಿದರೆ ಅವನು ನಗುತ್ತಿದ್ದ. ನನಗೆ ಅಷ್ಟು ಸಾಕಾಗಿತ್ತು. ಅದನ್ನು ಅವರಿಗೆ ಹೇಳಬೇಕೆಂದು ಹೊಳೆಯಲೇ ಇಲ್ಲ.

ಎರಡನೆಯದು ಹೆಣ್ಣು. ಮಟಮಟ ಮಧ್ಯಾಹ್ನ ಹುಟ್ಟಿತು. ಅದೂ ಅಳಲಿಲ್ಲ. ನರ್ಸಮ್ಮ ಇದ್ದಾರಲ್ಲ ಎಂದು ನಾನು ಧೈರ್ಯವಾಗಿ ಕಣ್ಣು ಮುಚ್ಚಿದ್ದೆ. ಸ್ವಲ್ಪ ಹೊತ್ತು ಊದುವ ಸದ್ದು ಕೇಳಿತು. ಆಮೇಲೆ ನಿಂತಿತು.

"ಹೊಟ್ಟೆಯಾಗೇ ಹೋಗಿತ್ತು ಕಣಮ್ಮ," ಎಂದರು. ನಂಬಿದೆ. ಅವರನ್ನೇ ತಬ್ಬಿಕೊಂಡು ಗೋಳಾಡಿದೆ.

ತಿಂಗಳಾದ ಮೇಲೆ, ಅಂದು ಜೊತೆಗಿದ್ದ ನಾದಿನಿ ಬಾಯಿಬಿಟ್ಟಳು. "ಅತ್ಗೆಮ್ಮ, ಕೂಸಿನ ಎದೆ ಬಡ್ಕಂತಿತ್ತು. ನಾನೇ ಕೈ ಇಟ್ಟು ನೋಡ್ದೆ. ಇನ್ನೊಂಚೂರು ಊದ್ರಿ ಅಂದ್ರೆ ಅವ್ರು ಕೈ ತೆಗ್ದುಬಿಟ್ರು."

ನಾನು ನೇರ ಪಕ್ಕದ ಮನೆಗೆ ಹೋದೆ. ನರ್ಸಮ್ಮ ಕಡಲೆಕಾಯಿ ಬಿಡಿಸುತ್ತಿದ್ದರು.

"ದಿಟವೇನ್ರಿ?"

ಅವರು ತಲೆ ಎತ್ತಲಿಲ್ಲ. "ಅದೂ ಅಣ್ಣನಂಗೇ ಆಗ್ತಿತ್ತು. ಇಬ್ರನ್ನ ಹೆಂಗೆ ಸಾಕ್ತಿದ್ದೆ ನೀನು? ನಿನ್ನ ನೋಡಿ ಬಿಟ್ಟೆ ಕಣಮ್ಮ."

"ಸಾಕೋಳು ನಾನಲ್ವೇನ್ರಿ? ನನ್ನ ಒಂದು ಮಾತು ಕೇಳಬಾರ್ದಿತ್ತಾ?"

ಆಮೇಲೆ ನನ್ನ ಮಗನನ್ನು ಮುಟ್ಟಲು ನಾನು ಅವರನ್ನು ಬಿಡಲಿಲ್ಲ. ವರ್ಷದೊಳಗೆ ವರ್ಗ ಮಾಡಿಸಿಕೊಂಡು ಹೋದರು. ಹೊರಡುವ ದಿನ ಬಂದು ನಮ್ಮ ಬಾಗಿಲಲ್ಲಿ ನಿಂತಿದ್ದರು. ನಾನು ಹೊರಗೆ ಬರಲಿಲ್ಲ.

ಮಗ ಹನ್ನೊಂದು ವರ್ಷ ನನ್ನ ಜೊತೆಗಿದ್ದ. ಅಷ್ಟು ವರ್ಷ ಅವನನ್ನು ನನಗೆ ಕೊಟ್ಟವರೂ ಅವರೇ, ಗೊತ್ತು... ಈಗ ನರ್ಸಮ್ಮನೂ ಇರಲಾರರು. ಆದರೆ ಆ ಹೆಣ್ಣುಕೂಸು ಎಷ್ಟು ದಿನ ಇರುತ್ತಿತ್ತೋ, ನನ್ನ ದನಿಗೆ ಅದೂ ನಗುತ್ತಿತ್ತೋ ಏನೋ. ಅದರ ಮುಖ ಕೂಡ ನಾನು ನೋಡಲಿಲ್ಲ. ನಾನು ಕಣ್ಣು ಬಿಡುವಷ್ಟರಲ್ಲಿ ಬಟ್ಟೆ ಮುಚ್ಚಿಬಿಟ್ಟಿದ್ದರು.